ಕರೀಮಸಾಬನ ಬೂಟು

ಯಮನೂರಪ್ಪ ಹಿರೇವಡ್ಡಟ್ಟಿಯ ಸಮಗಾರ ಮನೆತನದವನು. ಮದುವೆಯಾದ ವರ್ಷವೇ ಹೆಂಡತಿ ದೇವವ್ವನನ್ನು ಕರೆದುಕೊಂಡು ಗದಗಿಗೆ ಬಂದು, ಸ್ಟೇಶನ್ನಿನಿಂದ ಬೆಟಗೇರಿಗೆ ಹೋಗುವ ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿ ಕುಳಿತ. ಅವನಪ್ಪ ಊರಲ್ಲಿ ರೈತರಿಗೆ ಹೊಸ ಕಾಲ್ಮರಿ ಹೊಲಿದುಕೊಡುತ್ತಿದ್ದ. ಯಮನೂರಪ್ಪನಿಗೆ ಹೊಸದರ ಮೇಲೆ ಅಷ್ಟು ಮನಸ್ಸಿರಲಿಲ್ಲ. ಸವೆದದ್ದು, ಹರಿದದ್ದು, ಬಾಯಿ ಬಿಟ್ಟದ್ದು ಕೈಗೆ ಬಂದರೆ ಮಾತ್ರ ಅವನ ಮುಖ ಅರಳುತ್ತಿತ್ತು.

ಬೇರೆ ಹೊಲಿಯುವವರು ಕಿತ್ತುಹೋದ ಅಟ್ಟೆಗೆ ಸಿಕ್ಕಲ್ಲಿ ದಬ್ಬಣ ಚುಚ್ಚಿ ಹೊಸ ತೂತು ಮಾಡುತ್ತಿದ್ದರು. ಇವನು ಹಾಗೆ ಮಾಡುತ್ತಿರಲಿಲ್ಲ. ಹಳೆಯ ದಾರದ ತುಣುಕುಗಳನ್ನು ಒಂದೊಂದಾಗಿ ಕಿತ್ತು, ಅದೇ ಹಳೆಯ ತೂತುಗಳಲ್ಲಿ ಮೇಣ ಸವರಿದ ಹೊಸ ದಾರ ಎಳೆಯುತ್ತಿದ್ದ. "ತೂತು ಹೆಚ್ಚಾದಂಗ ಚರ್ಮ ಸಾಯತೈತಿ" ಎನ್ನುತ್ತಿದ್ದ. ಹೊತ್ತು ಹಿಡಿಯುವ ಕೆಲಸ. ಆದರೆ ಅವನು ಹೊಲಿದ ಬೂಟು ಮತ್ತೆ ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಇದನ್ನು ಗಮನಿಸಿದವರು ಮಾತ್ರ ಬಹಳ ಕಡಿಮೆ. ಹರಿದದ್ದು ಸರಿಯಾಯಿತಲ್ಲ, ಮಂದಿಗೆ ಅಷ್ಟು ಸಾಕು.

ಮಹಾಯುದ್ಧ ಮುಗಿದ ಮರುವರ್ಷ ಕರೀಮಸಾಬ ಬಂದ. ಅವನು ಅಲ್ಲಿಯವರೆಗೆ ಸಂತೆಯಿಂದ ಸಂತೆಗೆ ಹಳೆಯ ಬಟ್ಟೆ ಮಾರಿಕೊಂಡಿದ್ದವನು. ದಂಡಿನವರು ಬಿಟ್ಟ ಬೂಟುಗಳು ಲಿಲಾವಿನಲ್ಲಿ ಬಿಕರಿಯಾಗಿ ಹುಬ್ಬಳ್ಳಿಯ ಗುಜರಿ ಬಜಾರಿಗೆ ಬರುತ್ತಿವೆ ಎಂಬ ಖಬರು ಸಿಕ್ಕಿತ್ತು. ಒಂದು ಚೀಲ ತುಂಬಿ ತಂದು, ಬೇವಿನ ಮರದಿಂದ ಹತ್ತು ಹೆಜ್ಜೆ ಆಚೆ ತಾಡಪತ್ರಿ ಹಾಸಿ ಸುರುವಿದ.

"ಯಮನೂರಾ, ನನಗ ಸೂಜ್ಯಾಗ ದಾರ ಹಾಕಾಕೂ ಬರಂಗಿಲ್ಲ," ಎಂದ. "ನಾ ಆರಿಸಿ ತರತೀನಿ, ನೀ ಹೊಲಿ. ಬಂದದ್ದು ಇಬ್ಬರದೂ ಅರ್ಧರ್ಧ. ಏನಂತಿ?"

ಯಮನೂರಪ್ಪ ಒಪ್ಪಿದ. ಅಂದಿನಿಂದ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಂಡರು.

ಕರೀಮಸಾಬನಿಗೆ ಆರಿಸುವ ಕಣ್ಣಿತ್ತು. ಗುಡ್ಡೆಯಲ್ಲಿ ಬಿದ್ದ ನೂರು ಬೂಟುಗಳಲ್ಲಿ ಒಂದನ್ನು ಎತ್ತಿ, ಮಣಿಸಿ, ಮೂಸಿ ನೋಡಿ, ಹಿಮ್ಮಡಿಯ ಹತ್ತಿರ ಹೆಬ್ಬೆಟ್ಟು ಒತ್ತಿ, "ಇದರಾಗ ಇನ್ನ ಜೀವ ಐತಿ" ಎಂದರೆ ಐದು ವರ್ಷ ಬಾಳುತ್ತಿತ್ತು. ಒಳಗಿನ ಸವೆತ ನೋಡಿ ಮೊದಲಿನ ಮಾಲಕ ಹೇಗೆ ನಡೆಯುತ್ತಿದ್ದ ಎಂದು ಹೇಳುತ್ತಿದ್ದ. ದಾರಿಯಲ್ಲಿ ಹೋಗುವವರ ನಡಿಗೆಯನ್ನು ದಿನಗಟ್ಟಲೆ ನೋಡಿ, ಅಂಥದೇ ನಡಿಗೆಗೆ ಸವೆದ ಜೋಡು ಹುಡುಕಿ ತರುತ್ತಿದ್ದ. ಹಾಕಿಕೊಂಡವರಿಗೆ ಅದು ಮೊದಲಿನಿಂದಲೂ ತಮ್ಮದೇ ಬೂಟು ಎನ್ನಿಸುತ್ತಿತ್ತು. ಅಂಥ ಬೂಟಿಗೆ ಜನ ಒಂದು ಹೆಸರಿಟ್ಟರು. ಕರೀಮಸಾಬನ ಬೂಟು.

ಹೊಟ್ಟೆಯೊಳಗೆ ಕಿಚ್ಚು ಹೊತ್ತಿಕೊಂಡದ್ದು ಸ್ವಾತಂತ್ರ್ಯ ಬಂದ ದಿನ ಎಂದು ಯಮನೂರಪ್ಪನೇ ಮುಂದೆ ಒಪ್ಪಿಕೊಂಡಿದ್ದಾನೆ.

ಬೆಟಗೇರಿಯಲ್ಲಿ ಉಡಚಪ್ಪ ಎಂಬ ನೇಕಾರನಿದ್ದ. ಹುಟ್ಟಿನಿಂದ ಅವನ ಎಡಗಾಲು ಗಿಡ್ಡ. ಮಗ್ಗದ ಮುಂದೆ ಕೂತರೆ ಊರಿಗೆಲ್ಲ ಹಿರಿಯ, ಎದ್ದು ನಡೆದರೆ ಓಣಿಯ ಹುಡುಗರಿಗೆ ಆಟ. ಕಾಲಿಗೆ ಏನನ್ನೂ ಹಾಕುತ್ತಿರಲಿಲ್ಲ. ಕರೀಮಸಾಬ ಅವನನ್ನು ಒಂದು ತಿಂಗಳು ನೋಡಿದ. ಒಮ್ಮೆ ಹುಬ್ಬಳ್ಳಿಯಿಂದ ಬರುವಾಗ ಎಡಗಾಲಿನ ಅಟ್ಟೆ ಮೂರು ಬೆರಳು ದಪ್ಪವಿದ್ದ ಒಂದು ಜೋಡು ತಂದ. ಯಾರೋ ಕುಂಟುವ ಗುಮಾಸ್ತ ಮಾಡಿಸಿಕೊಂಡದ್ದಿರಬೇಕು. ಆದರೆ ಆ ದಪ್ಪ ಅಟ್ಟೆ ಕೊಳೆತು ಪುಡಿಪುಡಿಯಾಗಿತ್ತು. ಯಮನೂರಪ್ಪ ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಚರ್ಮದ ಮೇಲೆ ಚರ್ಮ ಕೂರಿಸಿದ. ಉಡಚಪ್ಪನನ್ನು ಕರೆಸಿ ನಡೆಸಿದ, ಬಿಚ್ಚಿಸಿದ, ಚರ್ಮ ಕೊಯ್ಯುವ ರಂಪಿಗೆಯಿಂದ ಒಂದು ಎಳೆ ಕೆತ್ತಿದ, ಮತ್ತೆ ನಡೆಸಿದ. ಹದಿನಾಲ್ಕನೆಯ ಸಲಕ್ಕೆ ಉಡಚಪ್ಪನ ಎರಡೂ ಹೆಗಲು ಒಂದೇ ಮಟ್ಟಕ್ಕೆ ಬಂದವು.

ಆಗಸ್ಟ್ ಹದಿನೈದರ ಮೆರವಣಿಗೆಯಲ್ಲಿ ಉಡಚಪ್ಪ ಬಾವುಟ ಹಿಡಿದು ಮುಂದಿನ ಸಾಲಿನಲ್ಲಿ ನೆಟ್ಟಗೆ ನಡೆದ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ನೋಡಿದರು. ಯಮನೂರಪ್ಪ ಗುಂಪಿನಲ್ಲಿ ನಿಂತಿದ್ದವನು ಬಾವುಟ ನೋಡಲಿಲ್ಲ, ಉಡಚಪ್ಪನ ಕಾಲನ್ನೇ ನೋಡಿದ. ಅವನ ಪಕ್ಕದಲ್ಲಿದ್ದವನೊಬ್ಬ ಕೂಗಿದ: "ಲೇ, ಉಡಚಪ್ಪನ ಕುಂಟು ಎಲ್ಲಿ ಹೋತೋ?"

"ಕರೀಮಸಾಬನ ಬೂಟು ಹಾಕ್ಯಾನಪಾ! ಏನ್ ಹುಡುಕಿ ತಂದಾನ ನೋಡು!"

ಆಚೆಗೆ ಕರೀಮಸಾಬನನ್ನು ನಾಲ್ಕು ಜನ ಸುತ್ತುವರಿದು ಬೆನ್ನು ತಟ್ಟುತ್ತಿದ್ದರು. ಅವನು ನಗುತ್ತಿದ್ದ. ಅದನ್ನು ಹೊಲಿದವನು ಯಮನೂರಪ್ಪ ಎಂದು ಅವನು ಕೈ ತೋರಿಸಬಹುದಿತ್ತು. ತೋರಿಸಲಿಲ್ಲ.

ಮನೆಗೆ ಬಂದರೆ ದೇವವ್ವನೂ ಅದನ್ನೇ ತೆಗೆದಳು. "ಆ ಸಾಬನ ಕಣ್ಣು ಏನ್ ಕಣ್ಣರಿ! ಅಂಥಾ ಬೂಟು ಆ ಗುಡ್ಡ್ಯಾಗ ಸಿಗತೈತಿ ಅಂತ ಯಾರಿಗೆ ಹೊಳೀತಿತ್ತು?"

"ಕಣ್ಣು ಹೊಲೀತಾವೇನ?" ಎಂದ ಯಮನೂರಪ್ಪ.

"ನಾ ಎಲ್ಲಿ ಹಂಗಂದ್ನಿ? ನಿಮ್ಮ ಕೈ ನನಗ ಗೊತ್ತಿಲ್ಲೇನು?"

"ಗೊತ್ತಿದ್ರ ಮೊದಲ ಅದನ್ನ ಅನ್ನಬೇಕಿತ್ತು."

ಅಂದಿನಿಂದ ಅವನು ಬುತ್ತಿಯನ್ನು ಬೇರೆ ಬಿಚ್ಚಿದ. ಕೆಲಸ ಬಿಡಲಿಲ್ಲ, ಮಾತು ಬಿಟ್ಟ. ಗಿರಾಕಿಗಳು ತಾಡಪತ್ರಿಯ ಮುಂದೆ ನಿಂತು ನಗುವುದು ಕೇಳಿದರೆ ದಬ್ಬಣ ಜಾರಿ ಬೆರಳಿಗೆ ಚುಚ್ಚಿಕೊಳ್ಳುತ್ತಿತ್ತು. ಆರಿಸುವುದು ಅಂಥ ದೊಡ್ಡ ವಿದ್ಯೆಯೇನು, ಹೊಲಿಯಬಲ್ಲವನಿಗೆ ಚರ್ಮ ಗೊತ್ತಾಗುವುದಿಲ್ಲವೇ ಎಂದು ತನಗೆ ತಾನೇ ವಾದ ಮಾಡುತ್ತಿದ್ದ. ಕಡೆಗೆ ಒಂದು ದಿನ, ಊರಿಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ, ಒಬ್ಬನೇ ರೈಲು ಹತ್ತಿ ಹುಬ್ಬಳ್ಳಿಗೆ ಹೋದ.

ಗುಜರಿ ಬಜಾರಿನಲ್ಲಿ ಬೂಟಿನ ಗುಡ್ಡೆ ಅವನ ಎದೆಯೆತ್ತರ ಇತ್ತು. ಅಲ್ಲಿ ನಿಂತಾಗ ಅವನಿಗೆ ತನ್ನ ಕಷ್ಟ ಅರ್ಥವಾಯಿತು. ಕೈಗೆ ಸಿಕ್ಕ ಪ್ರತಿಯೊಂದನ್ನೂ ತಾನು ಸರಿ ಮಾಡಬಲ್ಲೆ ಎನ್ನಿಸುತ್ತಿತ್ತು. ಹಾಗೆನ್ನಿಸಿದ ಮೇಲೆ ಯಾವುದನ್ನು ಬಿಡುವುದು? ಕೊನೆಗೆ ಹೊಳೆಯುವುದನ್ನೆಲ್ಲ ಚೀಲಕ್ಕೆ ತುಂಬಿದ. ಮನೆಯಲ್ಲಿ ಬಿಚ್ಚಿದಾಗ ಒಂದು ಜೋಡಿನಲ್ಲಿ ಎರಡೂ ಎಡಗಾಲಿನವು. ಎಷ್ಟೋ ಬೂಟುಗಳು ಬಿಸಿಲಿಗೆ ಸುಟ್ಟು ಒಣಗಿದ ಚರ್ಮದವು. ಮೇಲೆ ಪಾಲಿಶ್, ಒಳಗೆ ಹಪ್ಪಳ. ದಾರ ಎಳೆದರೆ ಹಳೆಯ ತೂತುಗಳು ಒಂದಕ್ಕೊಂದು ಕೂಡಿ ಹರಿದುಹೋದವು.

ಮರುದಿನ ಕರೀಮಸಾಬ ಆ ಚೀಲವನ್ನು ನೋಡಿದ. ನಗುತ್ತಾನೆ ಎಂದು ಯಮನೂರಪ್ಪ ಹಲ್ಲು ಕಚ್ಚಿ ಕುಳಿತ. ಅವನು ನಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಮಣಿಸಿ ನೋಡಿ ಮೂರು ಜೋಡು ಬದಿಗಿಟ್ಟ. "ಇವಕ್ಕ ಎಣ್ಣಿ ಕುಡಿಸು. ಉಳಿದದ್ದು ಒಲಿಗೆ," ಎಂದು ಹೇಳಿ ತನ್ನ ಜಾಗಕ್ಕೆ ಹೋದ. ಯಾಕೆ ಹೋಗಿದ್ದೆ ಎಂದು ಕೇಳಲಿಲ್ಲ. ಬೈದಿದ್ದರೆ ಯಮನೂರಪ್ಪನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಆ ಮೂರರಲ್ಲಿ ಒಂದನ್ನು ಶಾಲೆಯ ಜಯತೀರ್ಥ ಮಾಸ್ತರರು ಕೊಂಡು ಹಾಕಿಕೊಂಡು, "ನಮ್ಮ ಕರೀಮಸಾಬ ಆರಿಸಿದ್ದಂದ್ರ ನೋಡೋದ ಬ್ಯಾಡ" ಎಂದು ಹೋದರು.

ನಲವತ್ತೆಂಟರ ಬೇಸಿಗೆ ಬಂತು. ಪೂರ್ವಕ್ಕೆ, ನಿಜಾಮನ ಸೀಮೆಯಲ್ಲಿ, ರಜಾಕಾರರ ಹಾವಳಿ. ಗಡಿ ದಾಟಿ ಜನ ಮುಂಡರಗಿಗೆ ಓಡಿ ಬರುತ್ತಿದ್ದರು. ಅಲ್ಲಿ ಶಿಬಿರ ನಡೆದಿತ್ತು. ಹಿರೇವಡ್ಡಟ್ಟಿಯಿಂದ ಯಮನೂರಪ್ಪನ ಅಣ್ಣನ ಹೆಂಡತಿ ಹೇಳಿಕಳಿಸಿದಳು: ಬರಿಗಾಲಲ್ಲಿ ಬಂದಿದ್ದಾರೆ, ಕಾಲು ನೋಡಲಾಗುವುದಿಲ್ಲ. ಅದನ್ನು ಕೇಳಿದ ಕರೀಮಸಾಬ ತಾಡಪತ್ರಿಯ ಮೇಲಿದ್ದ ಅರ್ಧದಷ್ಟು ಬೂಟುಗಳನ್ನು ಎರಡು ಚೀಲಕ್ಕೆ ತುಂಬಿದ. "ಇವನ್ನ ಹೊಲಿದು ಕೊಡು ಯಮನೂರಾ. ಮಾರಾಕಲ್ಲ." ಯಮನೂರಪ್ಪ ಮೂರು ದಿನ ಹೊಲಿದ. ದೇವವ್ವ ಚೀಲಗಳನ್ನು ಬಸ್ಸಿಗೆ ಹಾಕಿಸಿಕೊಂಡು ಮುಂಡರಗಿಗೆ ಹೋದಳು. ಶಿಬಿರದಲ್ಲಿ ರೊಟ್ಟಿ ಬಡಿಯುವವರು ಸಾಲದು ಎಂದು ಅಲ್ಲೇ ಉಳಿದಳು.

ಗದಗಿನಲ್ಲಿ ಗಾಳಿಮಾತು ಎದ್ದದ್ದು ಆಗಲೇ. ಸಾಬನ ತಾಡಪತ್ರಿಯ ಮೇಲಿನ ದಂಡಿನ ಬೂಟುಗಳು ಒಮ್ಮೆಲೇ ಎಲ್ಲಿ ಹೋದವು? ಗಡಿಯ ಕಡೆಗಂತೆ. ಗಡಿಯ ಕಡೆಗೆ ಅಂದರೆ ಯಾರಿಗೆ, ರಜಾಕಾರರಿಗೇ? ದಿನಗಳು ಅಂಥವು, ಹೆಸರು ಅಂಥದು. ಯಾರೋ ಆಡಿದರು, ಯಾರೋ ನಂಬಿದರು. ಎದುರಿನ ಚಾದಂಗಡಿಯ ದೇವೇಂದ್ರಪ್ಪ ಒಂದು ಮಧ್ಯಾಹ್ನ ಚಾ ಹಿಡಿದುಕೊಂಡು ಬಂದು ಯಮನೂರಪ್ಪನ ಪಕ್ಕ ಕೂತ. ಹಿಂದೆ ಇನ್ನೂ ಇಬ್ಬರು ನಿಂತಿದ್ದರು.

"ಯಮನೂರಪ್ಪಾ, ನೀ ಅವನ ಬಾಜೂಕ ಕೂಡಾಂವ. ಖರೆ ಹೇಳು. ಆ ಬೂಟು ಎಲ್ಲಿಗೆ ಹೋದುವು?"

ಒಂದೇ ಮಾತು ಸಾಕಿತ್ತು. ನನ್ನ ಹೆಂಡತಿ ಒಯ್ದಳು, ಮುಂಡರಗಿಗೆ ಒಯ್ದಳು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಆಡಿದರೆ ಆಮೇಲೆ ಏನಾಗುತ್ತದೆ ಎಂಬುದೂ ಅವನ ಕಣ್ಣಿಗೆ ಕಟ್ಟಿತು: ದೇವೇಂದ್ರಪ್ಪ ಎದ್ದು ಹೋಗಿ ಕರೀಮಸಾಬನ ಕೈ ಹಿಡಿಯುತ್ತಾನೆ, ಏನು ದೊಡ್ಡ ಮನಸ್ಸಪ್ಪಾ ಎನ್ನುತ್ತಾನೆ, ಊರಿಗೆಲ್ಲ ಹೇಳುತ್ತಾನೆ. ಮೂರು ದಿನ ಬೆನ್ನು ಬಗ್ಗಿಸಿ ಹೊಲಿದವನ ಹೆಸರು ಮತ್ತೆ ಎಲ್ಲೂ ಬರುವುದಿಲ್ಲ.

"ನಂದು ಹೊಲಿಯೂ ಕೆಲಸ," ಎಂದ ಯಮನೂರಪ್ಪ. "ಎಲ್ಲಿಗೆ ಹೋಗತಾವ, ನನಗೇನ ಗೊತ್ತು?"

ಮೂರನೆಯ ದಿನ ಫೌಜದಾರ ಬಂದು ಕರೀಮಸಾಬನನ್ನೂ ಉಳಿದ ಬೂಟುಗಳನ್ನೂ ಠಾಣೆಗೆ ಒಯ್ದ. ಬಾಜೂಕ ಕೂಡುವವನಿಗೇ ಗೊತ್ತಿಲ್ಲವೆಂದ ಮೇಲೆ ಗುಮಾನಿ ಗಟ್ಟಿಯಾಗಿತ್ತು.

ಆ ಮೇಲಿನ ಎರಡು ದಿನ ಯಮನೂರಪ್ಪನಿಗೆ ಸುಖವಾಗಿತ್ತು. ಇದನ್ನು ಮುಚ್ಚಿಡುವುದು ಬೇಡ. ಹತ್ತು ಹೆಜ್ಜೆ ಆಚೆ ಯಾರೂ ಇರಲಿಲ್ಲ. ಬಂದವರು ಇವನ ಮುಂದೆಯೇ ನಿಂತರು, ಇವನ ಕೈಯನ್ನೇ ನೋಡಿದರು. "ಏನ್ ಸಣ್ಣ ಹೊಲಿಗಿಪಾ ನಿಂದು" ಎಂದ ಒಬ್ಬ. ಆ ಮಾತಿಗಾಗಿ ಅವನು ಎಷ್ಟು ವರ್ಷ ಕಾದಿದ್ದ!

ಮೂರನೆಯ ದಿನ ಬೆಳಿಗ್ಗೆ ಕರೀಮಸಾಬನ ಹೆಂಡತಿ ಅಖ್ತರಿ ಬುತ್ತಿಗಂಟು ಹಿಡಿದು ಬಂದು ಮರದ ಕೆಳಗೆ ನಿಂತಳು.

"ಅಣ್ಣಾರ, ಒಂದ ಮಾತು ನೀವು ಬಂದು ಹೇಳಿದ್ರ ಬಿಡ್ತಾರಂತ. ನಿಮಗ ಎಲ್ಲಾ ಗೊತ್ತೈತೆಲ್ಲರಿ."

ಅವನು ತಲೆ ಎತ್ತದೆ, "ನೋಡೂಣು," ಎಂದ. ಅಖ್ತರಿ ಬುತ್ತಿಗಂಟು ಹಿಡಿದು ಒಬ್ಬಳೇ ಠಾಣೆಯ ಕಡೆಗೆ ನಡೆದಳು. ಅವನು ನೋಡಲಿಲ್ಲ. ಏಳಲೂ ಇಲ್ಲ. ನಾಳೆ ಹೋಗುತ್ತೇನೆ ಎಂದುಕೊಂಡ. ನಾಳೆಯೂ ಹಾಗೇ ಹೋಯಿತು.

ಆರನೆಯ ದಿನ ದೇವವ್ವ ಮುಂಡರಗಿಯಿಂದ ಬಸ್ಸಿಳಿದು ನೇರ ಮರದ ಕೆಳಗೆ ಬಂದಳು. ಜೊತೆಗೆ ಮೈಲಾರಪ್ಪನೆಂಬ ರೈತನಿದ್ದ. ಗಡಿಯಾಚೆಯಿಂದ ಬಂದು ಶಿಬಿರದಲ್ಲಿದ್ದವನು, ಶಿಬಿರಕ್ಕೆ ಜೋಳ ಒಯ್ಯಲು ಬಂದಿದ್ದ. ಬಸ್ ನಿಲ್ದಾಣದಲ್ಲೇ ಅವಳಿಗೆ ಎಲ್ಲ ಖಬರೂ ಸಿಕ್ಕಿತ್ತು.

"ನಿಮ್ಮನ್ನ ಕೇಳಿದ್ರಂತ. ಏನಂದ್ರಿ?"

"ಗೊತ್ತಿಲ್ಲಂದ್ನಿ."

"ಚೀಲ ನಾ ಒಯ್ದೀನಿ. ಹೊಲಿದಾವರು ನೀವು. ಗೊತ್ತಿಲ್ಲಂದ್ರ ಹ್ಯಾಂಗ?"

ಅವನು ದಬ್ಬಣ ಹಿಡಿದು ಹೊಲಿಗೆಗೆ ಬಗ್ಗಿದ. ದೇವವ್ವ ಅವನ ಮುಖ ನೋಡಿದಳು. ಜಗಳ ಮಾಡಲಿಲ್ಲ. "ಅಂವ ಚಲೋ ಅಂತ ನಾಲ್ಕ ಮಂದಿ ಅಂದದ್ದಕ್ಕ ಹಿಂಗ ಮಾಡಿದ್ರ್ಯಾ?" ಎಂದಷ್ಟೇ ಕೇಳಿ, ಮೈಲಾರಪ್ಪನನ್ನು ಕರೆದುಕೊಂಡು ಠಾಣೆಯ ಕಡೆಗೆ ಹೊರಟಳು. ಯಮನೂರಪ್ಪ ದಬ್ಬಣ ಕೆಳಗಿಟ್ಟು ಹಿಂದೆಯೇ ಓಡಿದ.

ಠಾಣೆಯಲ್ಲಿ ದೇವವ್ವ ಅಂಜದೆ ಹೇಳಿದಳು. "ಸಾಹೇಬ್ರ, ಆ ಚೀಲ ಒಯ್ದಾಕಿ ನಾನು. ರಜಾಕಾರರಿಗಲ್ಲ, ಅವರ ಕಾಟಕ್ಕ ಮನಿಮಾರು ಬಿಟ್ಟು ಬಂದೋರಿಗೆ. ಬೇಕಾದ್ರ ಇವನ ಕಾಲ ನೋಡ್ರಿ."

ಮೈಲಾರಪ್ಪ ಕಾಲಿನ ಬೂಟು ಬಿಚ್ಚಿ ಮೇಜಿನ ಮೇಲಿಟ್ಟ. ಫೌಜದಾರ ತಿರುಗಿಸಿ ನೋಡಿ, "ಇದು ಅವನ ಬೂಟೇ ಅಂತ ಹ್ಯಾಂಗ ನಂಬೋದು? ದಂಡಿನ ಬೂಟು ಎಲ್ಲಾ ಒಂದ ಥರಾ ಇರತಾವ," ಎಂದ.

"ಹೊಲಿಗಿ ಒಂದ ಥರಾ ಇರಂಗಿಲ್ಲರಿ," ಎಂದ ಬಾಗಿಲಲ್ಲಿ ನಿಂತಿದ್ದ ಯಮನೂರಪ್ಪ. ಒಳಗೆ ಬಂದ. "ಅದು ನನ್ನ ಹೊಲಿಗಿ. ಹಳೇ ತೂತಿನಾಗ ಹೊಸಾ ದಾರ. ಗದಗಿನ್ಯಾಗ ಬ್ಯಾರೇ ಯಾರೂ ಹಿಂಗ ಹೊಲಿಯಂಗಿಲ್ಲ. ನಿಮ್ಮ ಹಂತ್ಯಾಕ ಇರೂ ಬೂಟು ತೆಗಸ್ರಿ, ತಾಳಿ ನೋಡ್ರಿ."

ತೆಗೆಸಿದರು, ತಾಳೆ ನೋಡಿದರು. ಇವನು ಒಂದೊಂದು ಹೊಲಿಗೆಯನ್ನೂ ಬೆರಳಿಟ್ಟು ತೋರಿಸಿದ. ಎಲ್ಲಿ ದಾರ ದಪ್ಪ ಹಾಕಿದ್ದೇನೆ, ಎಲ್ಲಿ ಗಂಟನ್ನು ಒಳಗೆ ಮುಚ್ಚಿದ್ದೇನೆ ಎಂದು ವಿವರಿಸುತ್ತ ಹೋದ. ಅವನ ದನಿ ಏರಿತ್ತು, ಕಣ್ಣು ಹೊಳೆಯುತ್ತಿತ್ತು. ನಡುವೆ ಒಮ್ಮೆ ತಲೆ ಎತ್ತಿದಾಗ ಮೂಲೆಯಲ್ಲಿ ಗೋಡೆಗೆ ಒರಗಿ ಕೂತ ಕರೀಮಸಾಬ ಕಂಡ. ಗಡ್ಡ ಬೆಳೆದಿತ್ತು, ತುಟಿ ಒಣಗಿತ್ತು. ಸಾಕ್ಷಿ ಹೇಳಲು ಬಂದವನು ತನ್ನ ಕೈಯನ್ನೇ ಹೊಗಳಿಕೊಳ್ಳುತ್ತ ನಿಂತಿದ್ದೇನೆ ಎಂಬುದು ಯಮನೂರಪ್ಪನಿಗೆ ಆಗ ಹೊಳೆದು, ಮಾತು ಅರ್ಧಕ್ಕೇ ನಿಂತಿತು.

ಅಂದೇ ಸಂಜೆ ಕರೀಮಸಾಬನನ್ನು ಬಿಟ್ಟರು. ಬೂಟುಗಳನ್ನೂ ಮರಳಿ ಕೊಟ್ಟರು. ಆದರೆ ಅವನು ಮತ್ತೆ ತಾಡಪತ್ರಿ ಹಾಸಲಿಲ್ಲ. ವಾರದಲ್ಲಿ ಅಖ್ತರಿಯ ತವರಾದ ಲಕ್ಷ್ಮೇಶ್ವರಕ್ಕೆ ಹೊರಟ. ಹೋಗುವ ಮುಂಚೆ ಉಳಿದ ಚೀಲವನ್ನು ತಂದು ಬೇವಿನ ಮರದ ಬುಡಕ್ಕೆ ಇಟ್ಟು, "ಇನ್ನ ನೀನ ಆರಿಸು," ಎಂದ. ಇವನಿಗೆ ಸಿಟ್ಟೂ ಬರುವುದಿಲ್ಲವಲ್ಲ ಎಂದು ಯಮನೂರಪ್ಪನಿಗೆ ಅದರ ಮೇಲೂ ಹೊಟ್ಟೆಯುರಿಯಿತು.

ಎಂಟು ವರ್ಷ ಕಳೆದವು. ಯಮನೂರಪ್ಪ ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಆರಿಸಿ ತರುತ್ತಿದ್ದ. ಹಾಳು ಮಾಡಿ ಮಾಡಿ ಒಂದಿಷ್ಟು ಕಲಿತ. ನೆತ್ತಿಯ ಕೂದಲು ಉದುರಿತು, ಮಗಳು ಮಂಜವ್ವ ದೊಡ್ಡವಳಾದಳು. ಹಳ್ಳಿಯಿಂದ ಬಂದವರು ಮಾತ್ರ ಈಗಲೂ ಇವನ ಮುಂದೆ ನಿಂತು, "ಕರೀಮಸಾಬನ ಬೂಟು ಸಿಗೂದು ಇಲ್ಲೇ ಏನ್ರಿ?" ಎನ್ನುತ್ತಿದ್ದರು. ಇವನು ಹೂಂ ಎಂದು ಕೊಡುತ್ತಿದ್ದ.

ಐವತ್ತಾರರ ನವೆಂಬರಿನಲ್ಲಿ ಕನ್ನಡ ಸೀಮೆಗಳೆಲ್ಲ ಒಂದಾದವು. ಕರೀಮಸಾಬನನ್ನು ಠಾಣೆಗೆ ಕಳಿಸಿದ ಆ ಗಡಿ ಈಗ ಇರಲಿಲ್ಲ. ಊರು ಸಿಂಗಾರವಾಗಿತ್ತು. ಅದೇ ವಾರ ಲಕ್ಷ್ಮೇಶ್ವರದ ಬಸ್ಸಿನ ಕಂಡಕ್ಟರ ಜಹಾಂಗೀರ ಚಪ್ಪಲಿ ಹೊಲಿಸಲು ಬಂದವನು, "ನಿಮ್ಮ ಕರೀಮಸಾಬಗ ಕಣ್ಣ ಹೋಗ್ಯಾವರಿ. ಪೊರಿ ಬಂದೈತಿ," ಎಂದ.

ಯಮನೂರಪ್ಪ ಮರುದಿನವೇ ಹೊರಟ. ಪಾಪ, ನೋಡಿ ಬರುತ್ತೇನೆ ಎಂದು ದೇವವ್ವನಿಗೆ ಹೇಳಿದ. ಆದರೆ ಬಸ್ಸಿನಲ್ಲಿ ಕೂತು ಹೊರಗೆ ನೋಡುತ್ತಿದ್ದಾಗ ತನ್ನ ಮನಸ್ಸು ಹಗುರಾಗಿದೆ ಎಂಬುದು ಅವನ ಅರಿವಿಗೆ ಬಂತು. ಆ ಕಣ್ಣು ಈಗಿಲ್ಲ. ಆ ಕಣ್ಣಿಲ್ಲದ ಕರೀಮಸಾಬನನ್ನು ನೋಡಲು ಹೊರಟಿದ್ದ. ನಾಚಿಕೆಯಿಂದ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ಆದರೂ ಇಳಿದು ಹಿಂದಿರುಗಲಿಲ್ಲ.

ದರ್ಗಾದ ಹತ್ತಿರದ ಓಣಿಯಲ್ಲಿ ಕರೀಮಸಾಬನ ಅಂಗಡಿ. ಮುಂದೆ ಏಳೆಂಟು ಜನ ನಿಂತಿದ್ದರು. ಅವನು ಎದುರಿದ್ದವನ ಪಾದವನ್ನು ಎರಡೂ ಕೈಯಿಂದ ಹಿಡಿದು ಸವರಿ ನೋಡಿ, ಹಿಂದಿದ್ದ ರಾಶಿಗೆ ಕೈ ಹಾಕಿ, ಒಂದನ್ನು ಮೂಸಿ ಬಿಟ್ಟು, ಇನ್ನೊಂದನ್ನು ಒತ್ತಿ ನೋಡಿ ಕೊಟ್ಟ. ಅದು ಸರಿಯಾಗಿ ಕೂತಿತು. ಜನ ಹೋ ಎಂದರು. ಯಮನೂರಪ್ಪನ ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು ಎದ್ದಿತು. ಜೊತೆಗೇ, ಯಾಕೋ ತಿಳಿಯದು, ನಗುವೂ ಬಂತು.

ಜನ ಕರಗಿದ ಮೇಲೆ ಹತ್ತಿರ ಕೂತು ಹೇಳಿದ. "ಸಾಬಾ, ನಾನು ಯಮನೂರ. ದೇವೇಂದ್ರಪ್ಪ ಕೇಳಿದಾಗ ನನಗ ಗೊತ್ತಿತ್ತು. ಗೊತ್ತಿಲ್ಲಂದ್ನಿ."

"ಗೊತ್ತೈತಿ," ಎಂದ ಕರೀಮಸಾಬ. "ಠಾಣ್ಯಾದಾಗ ಮೊದಲನೇ ದಿವಸನ ಹೇಳಿದ್ರು. ನಿನ್ನ ಬಾಜೂಕಿನಾಂವನ ಹಿಂಗಂದಾನ ಅಂತ." ಅವನ ದನಿ ಗಟ್ಟಿಯಾಯಿತು. "ನನಗ ಮಾಡಿದ್ದು ಹೋಗ್ಲಿ. ಅಖ್ತರಿ ನಿನ್ನ ಮುಂದ ಬಂದು ನಿಂತಿದ್ದಳು. ಒಂದ ಸಲ ಮಾರಿ ಎತ್ತಿ ನೋಡಲಿಲ್ಲಂತಲ್ಲೋ ನೀನು! ಅದನ್ನ ನಾ ಹ್ಯಾಂಗ ಮರೀಲಿ? ಎಂಟು ವರ್ಷ ಆತು, ಇನ್ನೂ ಮೈ ಉರೀತೈತಿ."

ಯಮನೂರಪ್ಪ ತಲೆ ತಗ್ಗಿಸಿ ಕೂತ. ಬೈಗುಳ ಮೈಮೇಲೆ ಬಿದ್ದಂತೆಲ್ಲ ಅವನಿಗೆ ಉಸಿರಾಟ ಸರಾಗವಾಗುತ್ತಿತ್ತು. ಕರೀಮಸಾಬ ಬೈದು ದಣಿದ. ಆಮೇಲೆ ಬೇರೆ ದನಿಯಲ್ಲಿ, "ನಂದೂ ಒಂದ ತಪ್ಪೈತಿ," ಎಂದ. "ಉಡಚಪ್ಪನ ಬೂಟು ಮಂದಿ ಹೊಗಳಿದಾಗ ನೀ ಅಲ್ಲೇ ನಿಂತಿದ್ದಿ. ನಾ ಕಂಡಿದ್ನಿ. ನಿನ್ನ ಹೆಸರು ಹೇಳಬೇಕಂದ್ನಿ, ಬಾಯಿ ಬರಲಿಲ್ಲ. ಹೇಳಿದ್ರ ನಂದೇನ ಉಳೀತೈತಿ ಅನಿಸ್ತು. ಆರಸೂದು ಯಾರ ಬೇಕಾದ್ರೂ ಕಲೀತಾರ. ಆ ಹೊಲಿಗಿ ಯಾರಿಗೆ ಬರತೈತಿ?"

ಅಖ್ತರಿ ಒಳಗಿನಿಂದ ಬರಲಿಲ್ಲ. ಚಾ ಕೂಡ ಬರಲಿಲ್ಲ. ಯಮನೂರಪ್ಪ ಬಾಗಿಲ ಬಳಿ ನಿಂತು, "ಅವ್ವಾ, ತಪ್ಪಾತು," ಎಂದು ಒಳಕ್ಕೆ ಕೇಳುವಂತೆ ಹೇಳಿದ. ಬಸ್ಸಿಗೆ ಬಂದ.

ಆದರೆ ಮುಂದಿನ ತಿಂಗಳಿಂದ ಇಬ್ಬರ ನಡುವೆ ಚೀಲ ಓಡಾಡತೊಡಗಿತು. ಹುಬ್ಬಳ್ಳಿಯಿಂದ ತಂದದ್ದನ್ನು ಯಮನೂರಪ್ಪ ಜಹಾಂಗೀರನ ಬಸ್ಸಿಗೆ ಹಾಕುತ್ತಿದ್ದ. ಕರೀಮಸಾಬ ಕೈಯಾಡಿಸಿ ಜೀವವಿದ್ದದ್ದನ್ನು ಬೇರೆ ಮಾಡಿ ಕಳಿಸುತ್ತಿದ್ದ. ಇವನು ಅವನ್ನು ಹೊಲಿದು, ಅರ್ಧವನ್ನು ಲಕ್ಷ್ಮೇಶ್ವರಕ್ಕೆ ಮರಳಿಸುತ್ತಿದ್ದ. ಒಮ್ಮೆ ಚೀಲದ ಮೇಲ್ಗಡೆ ಒಂದು ಬಟ್ಟೆಗಂಟಿತ್ತು. ಬಿಚ್ಚಿದರೆ ಅಖ್ತರಿ ಕಟ್ಟಿದ ಶೇಂಗಾ ಹೋಳಿಗೆ. ಯಮನೂರಪ್ಪ ಅದನ್ನು ಮನೆಗೊಯ್ದು ಹೆಂಡತಿ ಮಗಳ ಕೈಗೆ ಕೊಟ್ಟ.

ಬಸ್ಸು ಬಂದಾಗಲೆಲ್ಲ ಜಹಾಂಗೀರನನ್ನು ಅವನು ತಪ್ಪದೆ ಒಂದು ಮಾತು ಕೇಳುತ್ತಿದ್ದ. "ಅವನ ಅಂಗಡಿ ಮುಂದ ಮಂದಿ ಎಷ್ಟಿದ್ರು?" ಕಡಿಮೆ ಇದ್ದರು ಎಂದರೆ ಅಂದು ಎರಡು ಜೋಡು ಹೆಚ್ಚು ಹೊಲಿದು ಕಳಿಸುತ್ತಿದ್ದ. ಬಹಳ ಇದ್ದರು ಎಂದರೆ ಸಂಜೆಯವರೆಗೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.